ಆಟದ ಮತ, ಮತದ ಆಟ

ಪಗಡೆಯಾಟದಲ್ಲಿ ನಿಜವಾದ ರಾಜ್ಯವನ್ನೇ ಕಳೆದುಕೊಂಡವನು ಧರ್ಮರಾಯ. ಆಮೇಲಿನವರು ಜಾಣರಾದರು, ರಾಜ್ಯವನ್ನು ಪಣಕ್ಕೊಡ್ಡಿ ಆಡುವುದಕ್ಕೆ ಬದಲಾಗಿ ರಾಜ್ಯವನ್ನೇ ಆಟವನ್ನಾಗಿ ಮಾಡಿಕೊಂಡರು. ಚದುರಂಗದ ಮಣೆಯ ಮೇಲೆ ರಾಜನುಂಟು, ಮಂತ್ರಿಯುಂಟು, ಆನೆ ಕುದುರೆಗಳುಂಟು, ಎದುರಿಗೆ ಸಾಲಾಗಿ ನಿಂತು ಮೊದಲು ಸಾಯುವ ಕಾಲಾಳುಗಳೂ ಉಂಟು. ಆದರೆ ಆ ಕಾಲಾಳುಗಳು ಒಂದು ದಿನವಾದರೂ ಸಭೆ ಸೇರಿ, ‘ಈ ರಾಜ ನಮಗೆ ಬೇಡ’ ಎಂದು ನಿರ್ಣಯ ಮಾಡಿದ್ದನ್ನು ಕಂಡವರಿಲ್ಲ. ಲೋಕಕ್ಕೆ ಪ್ರಜಾಪ್ರಭುತ್ವ ಬಂದ ಮೇಲೆ ಆಟಕ್ಕೂ ಬರಬೇಕಾದದ್ದು ನ್ಯಾಯವಷ್ಟೆ? ಬಂದಿದೆ. ಅಂತರಜಾಲದ ಕೃಪೆಯಿಂದ ಇಂದು ಮನೆಯಲ್ಲಿ ಕುಳಿತೇ ಪಕ್ಷ ಕಟ್ಟಬಹುದು, ಪ್ರಣಾಳಿಕೆ ಹೊರಡಿಸಬಹುದು, ಮತ ಯಾಚಿಸಬಹುದು, ಗೆದ್ದು ಮಂತ್ರಿಯಾಗಬಹುದು, ಸೋತು ತತ್ತ್ವಜ್ಞಾನಿಯೂ ಆಗಬಹುದು.

ಇದು ಮಕ್ಕಳಾಟವೆಂದು ವಾಚಕರು ತಳ್ಳಿಹಾಕಬಾರದಾಗಿ ವಿನಂತಿ. ಮತದಾನವೆಂಬ ವಿಚಿತ್ರ ಮಾನವವ್ಯಾಪಾರವನ್ನು ಅದರ ತೊಡಿಗೆಗಳನ್ನೆಲ್ಲ ಕಳಚಿ ನೋಡಬೇಕೆಂದಿದ್ದರೆ ಈ ಆಟಗಳಿಗಿಂತ ಒಳ್ಳೆಯ ಕನ್ನಡಿ ದೊರೆಯುವುದು ಕಷ್ಟ. ಇಲ್ಲಿ ಜಾತಿಯಿಲ್ಲ, ಸೀರೆ ಹಂಚುವವರಿಲ್ಲ, ಬಿಸಿಲಿನಲ್ಲಿ ಸಾಲು ನಿಲ್ಲುವ ಕಷ್ಟವಿಲ್ಲ, ಮತಗಟ್ಟೆ ದೂರವೆಂಬ ನೆಪವಿಲ್ಲ. ಒಂದು ಗುಂಡಿಯನ್ನು ಒತ್ತಿದರೆ ಮತದಾನ ಮುಗಿಯಿತು. ಹೀಗಿದ್ದೂ ಜನ ಮತ ಹಾಕುವುದಿಲ್ಲ! ಸ್ವಾರಸ್ಯವಿರುವುದು ಇಲ್ಲಿಯೇ.

‘ಇ-ರಿಪಬ್ಲಿಕ್’ ಎಂಬ ಆಟವನ್ನು ತೆಗೆದುಕೊಳ್ಳೋಣ. ಜಾರ್ಜ್ ಲೆಮ್ನಾರು ಮತ್ತು ಅಲೆಕ್ಸಿಸ್ ಬಾಂಟೆ ಎಂಬಿಬ್ಬರು ಹುಟ್ಟುಹಾಕಿದ ಈ ಆಟ 2008ರಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಇದರಲ್ಲಿ ಭೂಪಟ ನಮ್ಮದೇ. ದೇಶಗಳ ಹೆಸರುಗಳೂ ನಮ್ಮವೇ. ಆಟಗಾರನು ತನಗೆ ಬೇಕಾದ ದೇಶದಲ್ಲಿ ‘ಹುಟ್ಟುತ್ತಾನೆ’. ದಿನಕ್ಕೊಮ್ಮೆ ಕೆಲಸ ಮಾಡಿ ಕೂಲಿ ಪಡೆಯುತ್ತಾನೆ, ರೊಟ್ಟಿ ಕೊಳ್ಳುತ್ತಾನೆ, ಸೈನಿಕ ಶಿಕ್ಷಣ ಪಡೆಯುತ್ತಾನೆ, ಬೇಕೆನಿಸಿದರೆ ಪತ್ರಿಕೆ ಹೊರಡಿಸುತ್ತಾನೆ, ಇನ್ನೂ ಬೇಕೆನಿಸಿದರೆ ರಾಜಕೀಯಕ್ಕೆ ಇಳಿಯುತ್ತಾನೆ. ನಮ್ಮಲ್ಲಿ ಐದು ವರ್ಷಕ್ಕೊಮ್ಮೆ ಬರುವ ಚುನಾವಣೆ ಅಲ್ಲಿ ತಿಂಗಳಿಗೆ ಮೂರು ಸಲ. ಐದನೆಯ ತಾರೀಖು ರಾಷ್ಟ್ರಾಧ್ಯಕ್ಷನ ಆಯ್ಕೆ. ಹದಿನೈದನೆಯ ತಾರೀಖು ಪಕ್ಷಗಳ ಅಧ್ಯಕ್ಷರ ಆಯ್ಕೆ. ಇಪ್ಪತ್ತೈದನೆಯ ತಾರೀಖು ಶಾಸನಸಭೆಯ ಆಯ್ಕೆ. ಪಕ್ಷಗಳು ಎಷ್ಟೇ ಇರಲಿ, ಸದಸ್ಯಬಲದಲ್ಲಿ ಮೊದಲ ಐದು ಸ್ಥಾನಗಳಲ್ಲಿರುವ ಪಕ್ಷಗಳಿಗೆ ಮಾತ್ರ ಶಾಸನಸಭೆಗೆ ಉಮೇದುವಾರರನ್ನು ನಿಲ್ಲಿಸುವ ಅಧಿಕಾರ. ಆರನೆಯ ಪಕ್ಷ ಎಷ್ಟೇ ಸಜ್ಜನರಿಂದ ಕೂಡಿದ್ದರೂ ಮುಂದಿನ ತಿಂಗಳವರೆಗೆ ಸಜ್ಜನಿಕೆಯನ್ನು ಕಾಪಾಡಿಕೊಂಡು ಕಾದಿರಬೇಕು.

ಈ ಆಟದ ಪ್ರಜೆಗಳ ನಡುವೆ ಒಂದು ಬಯ್ಗುಳ ರೂಢಿಗೆ ಬಂದಿತು. ‘ಎರಡು ಕ್ಲಿಕ್ಕಿನವರು’ ಎಂದು ಅದನ್ನು ಕನ್ನಡಿಸಬಹುದು. ಇವರು ದಿನಕ್ಕೊಮ್ಮೆ ಬರುತ್ತಾರೆ. ‘ಕೆಲಸ’ ಎಂಬ ಗುಂಡಿಯನ್ನು ಒಮ್ಮೆ ಒತ್ತುತ್ತಾರೆ, ‘ಶಿಕ್ಷಣ’ ಎಂಬ ಗುಂಡಿಯನ್ನು ಒಮ್ಮೆ ಒತ್ತುತ್ತಾರೆ, ಹೊರಟುಹೋಗುತ್ತಾರೆ. ಕೂಲಿ ಜಮೆಯಾಯಿತು, ಶಕ್ತಿ ಬೆಳೆಯಿತು. ದೇಶವನ್ನು ಯಾರು ಆಳಿದರೇನು? ಮೂರನೆಯ ಕ್ಲಿಕ್ಕು ಮತಕ್ಕಾಗಿ ಬೇಕಾದದ್ದು. ಅದನ್ನು ಒತ್ತಲು ಇವರಿಗೆ ಪುರುಸೊತ್ತಿಲ್ಲ. ಬೆಳಿಗ್ಗೆ ಕಚೇರಿ, ಸಂಜೆ ಮನೆ, ನಡುವೆ ಸಂಬಳ. ಉಳಿದದ್ದು ಯಾರಾದರೂ ನೋಡಿಕೊಳ್ಳುತ್ತಾರೆ ಎನ್ನುವ ಗೃಹಸ್ಥರು ನಮ್ಮ ಬಡಾವಣೆಗಳಲ್ಲಿಯೂ ಇರುವುದರಿಂದ, ಎರಡು ಕ್ಲಿಕ್ಕಿನವರ ಪರಿಚಯವನ್ನು ಇನ್ನಷ್ಟು ವಿಸ್ತರಿಸುವ ಅಗತ್ಯವಿಲ್ಲ.

ಈ ಉದಾಸೀನದಿಂದ ಆಗುವ ನಷ್ಟವೇನು? ಇ-ರಿಪಬ್ಲಿಕ್ಕಿನ ಚರಿತ್ರೆಯಲ್ಲಿ ಅದಕ್ಕೊಂದು ಹೆಸರೇ ಉಂಟು: ‘ರಾಜಕೀಯ ಆಕ್ರಮಣ’. ಯುದ್ಧ ಮಾಡಿ ಒಂದು ದೇಶವನ್ನು ಗೆಲ್ಲುವುದಕ್ಕೆ ಆಯುಧ ಬೇಕು, ಹಣ ಬೇಕು, ದಿನಗಟ್ಟಲೆ ಕಾದಾಡಬೇಕು. ಅದಕ್ಕಿಂತ ಸುಲಭವಾದ ದಾರಿಯನ್ನು ಕೆಲವು ಬುದ್ಧಿವಂತರು ಕಂಡುಕೊಂಡರು. ನೆರೆದೇಶದ ಆಟಗಾರರು ಒಬ್ಬೊಬ್ಬರಾಗಿ, ಸದ್ದಿಲ್ಲದೆ, ಚಿಕ್ಕದೊಂದು ದೇಶಕ್ಕೆ ವಲಸೆ ಬರುತ್ತಾರೆ. ಅಲ್ಲಿ ಒಂದು ಪಕ್ಷವನ್ನು ಸೇರುತ್ತಾರೆ. ಹದಿನೈದನೆಯ ತಾರೀಖು ಪಕ್ಷದ ಹಳೆಯ ಸದಸ್ಯರು ಮೈಮರೆತಿರುವಾಗ ತಮ್ಮವನೊಬ್ಬನನ್ನು ಅಧ್ಯಕ್ಷನನ್ನಾಗಿ ಆರಿಸಿಕೊಳ್ಳುತ್ತಾರೆ. ಉಮೇದುವಾರರ ಪಟ್ಟಿ ಅಧ್ಯಕ್ಷನ ಕೈಯಲ್ಲಿರುವುದರಿಂದ ಇಪ್ಪತ್ತೈದನೆಯ ತಾರೀಖು ಶಾಸನಸಭೆ ಅವರದಾಗುತ್ತದೆ. ಮುಂದಿನ ಐದನೆಯ ತಾರೀಖು ರಾಷ್ಟ್ರಾಧ್ಯಕ್ಷನ ಪೀಠವೂ ಅವರದಾಗುತ್ತದೆ. ಆರನೆಯ ತಾರೀಖು ಎದ್ದು ನೋಡುವ ಹೊತ್ತಿಗೆ ಖಜಾನೆ ಬರಿದಾಗಿರುತ್ತದೆ. ಒಂದು ಗುಂಡೂ ಹಾರಿಲ್ಲ. ಒಂದು ಕಾನೂನೂ ಮುರಿದಿಲ್ಲ. ಕಳ್ಳರು ಕನ್ನ ಕೊರೆದು ಬಂದವರಲ್ಲ; ಮನೆಯವರೇ ಮುಚ್ಚಲು ಮರೆತ ಬಾಗಿಲಿನಿಂದ ಬಂದವರು.

ಇದರ ಲೆಕ್ಕ ಬಲು ಸರಳ. ಉದಾಹರಣೆಗಾಗಿ, ಇನ್ನೂರು ಪ್ರಜೆಗಳಿರುವ ಒಂದು ಪುಟ್ಟ ದೇಶವನ್ನು ಕಲ್ಪಿಸಿಕೊಳ್ಳಿ. ಮತ ಹಾಕುವವರು ಅರವತ್ತು ಮಂದಿ. ಮೂರು ದೇಶಭಕ್ತ ಪಕ್ಷಗಳು. ಮೂರಕ್ಕೂ ಪರಸ್ಪರ ಆಗದು. ಅರವತ್ತು ಮತಗಳು ಇಪ್ಪತ್ತೈದು, ಇಪ್ಪತ್ತು, ಹದಿನೈದು ಎಂದು ಹಂಚಿಹೋಗುತ್ತವೆ. ಹೊರಗಿನಿಂದ ಬಂದವರು ಮೂವತ್ತೇ ಮಂದಿಯಾದರೂ ಮೂವತ್ತೂ ಒಬ್ಬನಿಗೇ ಬೀಳುತ್ತವೆ. ಇನ್ನೂರು ಮಂದಿಯ ದೇಶ ಮೂವತ್ತು ಮಂದಿಯ ಪಾಲಾಯಿತು! ಮನೆಯಲ್ಲಿ ಉಳಿದ ನೂರ ನಲವತ್ತು ಮಂದಿಯಲ್ಲಿ ಹತ್ತರಲ್ಲೊಬ್ಬನು ಎದ್ದು ಬಂದು ದೊಡ್ಡ ಪಕ್ಷಕ್ಕೆ ಮತ ಕೊಟ್ಟಿದ್ದರೂ ಈ ಅನಾಹುತ ತಪ್ಪುತ್ತಿತ್ತು. ಅಥವಾ ಮೂರು ಪಕ್ಷಗಳು ಜಗಳವನ್ನು ಒಂದು ದಿನದ ಮಟ್ಟಿಗೆ ಮುಂದೂಡಿ ಒಬ್ಬನನ್ನೇ ನಿಲ್ಲಿಸಿದ್ದರೂ ತಪ್ಪುತ್ತಿತ್ತು. ಪೆಟ್ಟು ತಿಂದ ದೇಶಗಳು ಕ್ರಮೇಣ ಈ ಎರಡನ್ನೂ ಕಲಿತವು. ‘ಐಕ್ಯ ಉಮೇದುವಾರ’ ಎಂಬ ಪದ್ಧತಿ ಅಲ್ಲಿ ಬೆಳೆದದ್ದು ಉದಾತ್ತ ಚಿಂತನೆಯಿಂದಲ್ಲ, ಭಯದಿಂದ.

ಪಕ್ಷವೆಂಬ ಸಂಸ್ಥೆಯ ನಿಜವಾದ ಕೆಲಸವೇನೆಂಬುದೂ ಈ ಆಟದಲ್ಲಿ ಸ್ಪಷ್ಟವಾಗಿ ಕಾಣಸಿಗುತ್ತದೆ. ಹೊಸದಾಗಿ ಪಕ್ಷ ಕಟ್ಟುವ ತರುಣನು ಮೊದಲು ಬರೆಯುವುದು ಪ್ರಣಾಳಿಕೆಯನ್ನು. ಅದರಲ್ಲಿ ಸಮಾನತೆ, ಪ್ರಗತಿ, ಪ್ರಾಮಾಣಿಕತೆಗಳೆಲ್ಲ ಧಾರಾಳವಾಗಿರುತ್ತವೆ. ಎರಡು ಸಲ ಸೋತ ಮೇಲೆ ಅವನು ಪ್ರಣಾಳಿಕೆಯನ್ನು ಬದಿಗಿಟ್ಟು ಒಂದು ಪಟ್ಟಿಯನ್ನು ಬರೆಯಲು ಕೂರುತ್ತಾನೆ: ನಮ್ಮ ಸದಸ್ಯರು ಯಾರು? ಯಾವ ಊರಿನವರು? ದಿನದ ಯಾವ ಹೊತ್ತಿಗೆ ಆಟಕ್ಕೆ ಬರುತ್ತಾರೆ? ಕಳೆದ ಸಲ ಮತ ಹಾಕಿದರೇ? ಹಾಕದವರಿಗೆ ಯಾರು ಹೇಳಿದರೆ ಕೇಳುತ್ತಾರೆ? ಆರಂಭದ ವರ್ಷಗಳಲ್ಲಿ ಶಾಸನಸಭೆಯ ಮತವನ್ನು ತಾನಿರುವ ಪ್ರಾಂತದಲ್ಲಿಯೇ ಹಾಕಬೇಕಾಗಿತ್ತು. ಆದುದರಿಂದ ಪಕ್ಷಗಳು ಸದಸ್ಯರಿಗೆ ಪ್ರಯಾಣದ ಟಿಕೆಟ್ಟನ್ನು ಕೊಡಿಸಿ, ಗೆಲುವು ಸೋಲು ತೂಗಾಡುತ್ತಿದ್ದ ಪ್ರಾಂತಗಳಿಗೆ ಅವರನ್ನು ಸಾಗಿಸುತ್ತಿದ್ದವು. ಇಷ್ಟು ಮಂದಿ ಇಲ್ಲಿ ಸಾಕು, ಉಳಿದವರು ಅಲ್ಲಿಗೆ ನಡೆಯಿರಿ ಎಂದು ಹೇಳುವವನಿರಬೇಕು. ಹೇಳಿದರೆ ಕೇಳುವವರೂ ಇರಬೇಕು. ಪಕ್ಷವೆಂದರೆ ಇದೇ. ತತ್ತ್ವವು ಮನುಷ್ಯನನ್ನು ಪಕ್ಷಕ್ಕೆ ಕರೆತರಬಹುದು. ಮತಗಟ್ಟೆಗೆ ಕರೆತರುವುದು ಪಟ್ಟಿ.

ಇನ್ನೊಂದು ಉದಾಹರಣೆ ಐಸ್‌ಲೆಂಡಿನದು. ರೇಕ್ಯಾವಿಕ್ ನಗರದ ಸಿಸಿಪಿ ಎಂಬ ಸಂಸ್ಥೆ 2003ರಲ್ಲಿ ‘ಈವ್ ಆನ್‌ಲೈನ್’ ಎಂಬ ಆಟವನ್ನು ಹೊರತಂದಿತು. ಇದು ಚುನಾವಣೆಯ ಆಟವಲ್ಲ. ನಕ್ಷತ್ರಲೋಕದಲ್ಲಿ ನೌಕೆಗಳನ್ನು ನಡೆಸುವ, ಗಣಿ ತೋಡುವ, ವ್ಯಾಪಾರ ಮಾಡುವ, ಯುದ್ಧ ಹೂಡುವ ಆಟ. ಸಂಸ್ಥೆಯ ನೌಕರನೊಬ್ಬನು ತಾನು ಸೇರಿದ್ದ ತಂಡಕ್ಕೆ ಸಲ್ಲದ ನೆರವನ್ನು ಕೊಟ್ಟ ಸಂಗತಿ 2007ರಲ್ಲಿ ಹೊರಬಿದ್ದು ದೊಡ್ಡ ಗಲಭೆಯಾಯಿತು. ದೇವರೇ ಒಂದು ಪಕ್ಷಕ್ಕೆ ಸೇರಿದವನಾದರೆ ಭಕ್ತರ ಗತಿಯೇನು? ಆ ಬಳಿಕ, ಆಟಗಾರರ ಅಹವಾಲುಗಳನ್ನು ಸಂಸ್ಥೆಗೆ ಮುಟ್ಟಿಸುವುದಕ್ಕಾಗಿ, ಆಟಗಾರರೇ ಆರಿಸಿದ ಪ್ರತಿನಿಧಿಗಳ ಮಂಡಲಿಯೊಂದು 2008ರಲ್ಲಿ ಹುಟ್ಟಿತು. ಗೆದ್ದವರು ವಿಮಾನ ಹತ್ತಿ ನಿಜವಾಗಿಯೂ ರೇಕ್ಯಾವಿಕ್‌ಗೆ ಹೋಗಿ ಸಂಸ್ಥೆಯವರೊಡನೆ ಮೇಜಿನ ಸುತ್ತ ಕುಳಿತು ಮಾತನಾಡಿದರು. ಆಟದ ಮತದಿಂದ ನಿಜವಾದ ಅಧಿಕಾರ ಅಲ್ಪಸ್ವಲ್ಪವಾದರೂ ದೊರೆತ ಪ್ರಸಂಗ ಇದು.

ಇಷ್ಟಾದರೂ ಮೊದಲ ಚುನಾವಣೆಯಲ್ಲಿ ಮತ ಚಲಾವಣೆಯಾದದ್ದು ನೂರಕ್ಕೆ ಸುಮಾರು 11ರಷ್ಟು ಖಾತೆಗಳಿಂದ. 2012ರಲ್ಲಿ ಅದು ನೂರಕ್ಕೆ 17ರ ಹತ್ತಿರಕ್ಕೆ ಏರಿದಾಗ ದೊಡ್ಡ ಸಾಧನೆಯೆಂದು ಸಂತೋಷಪಟ್ಟರು. ಈ ಆಟದ ಬಹುಸಂಖ್ಯಾತರು ಕಾವಲಿರುವ ಸುರಕ್ಷಿತ ವಲಯಗಳಲ್ಲಿ ತಮ್ಮ ಪಾಡಿಗೆ ತಾವು ಗಣಿಗಾರಿಕೆ ವ್ಯಾಪಾರಗಳನ್ನು ಮಾಡಿಕೊಂಡಿರುವವರು. ಕಾನೂನಿಲ್ಲದ ದೂರದ ಸೀಮೆಗಳಲ್ಲಿ ಸಾವಿರಾರು ಮಂದಿಯ ಒಕ್ಕೂಟಗಳನ್ನು ಕಟ್ಟಿಕೊಂಡು ಕಾದಾಡುವವರು ಅಲ್ಪಸಂಖ್ಯಾತರು. ಆದರೆ ಮಂಡಲಿಯಲ್ಲಿ ಹೆಚ್ಚು ಸ್ಥಾನಗಳು ದೊರೆಯುತ್ತಿದ್ದುದು ಈ ಅಲ್ಪಸಂಖ್ಯಾತರಿಗೆ. ಕಾರಣ ಗೂಢವೇನಲ್ಲ. ದಿನವೂ ಯುದ್ಧಕ್ಕೆ ಕರೆದರೆ ಬರುವ ಅಭ್ಯಾಸವಿದ್ದವರು ಮತಕ್ಕೆ ಕರೆದರೂ ಬಂದರು. 2012ರಲ್ಲಿ ಇಂಥ ಒಕ್ಕೂಟವೊಂದರ ಮುಖಂಡನೊಬ್ಬನಿಗೇ ಹತ್ತು ಸಾವಿರಕ್ಕೂ ಹೆಚ್ಚು ಮತಗಳು ಬಿದ್ದವು. ಚಲಾವಣೆಯಾದ ಒಟ್ಟು ಮತಗಳು ಅರವತ್ತು ಸಾವಿರಕ್ಕಿಂತ ಸ್ವಲ್ಪ ಕಡಿಮೆ. ಮರುವರ್ಷ ಸಂಸ್ಥೆಯು ಮತದಾನದ ಪದ್ಧತಿಯನ್ನೇ ಬದಲಿಸಿ, ಮತದಾರನು ಉಮೇದುವಾರರನ್ನು ಒಂದು, ಎರಡು, ಮೂರು ಎಂದು ಇಷ್ಟದ ಕ್ರಮದಲ್ಲಿ ಗುರುತಿಸುವ ‘ಏಕ ವರ್ಗಾವಣೀಯ ಮತ’ವನ್ನು ತಂದಿತು. ಮೊದಲನೆಯವನಿಗೆ ಬೇಡವಾಗಿ ಹೆಚ್ಚಾದ ಮತ ಎರಡನೆಯವನಿಗೆ ಹರಿಯುತ್ತದೆ. ಸಣ್ಣ ಗುಂಪುಗಳ ಮತ ಪೋಲಾಗಬಾರದೆಂಬುದು ಇದರ ಒಳ್ಳೆಯ ಗುಣ. ಆದರೆ ಕ್ರಮಪಟ್ಟಿಯನ್ನು ಶಿಸ್ತಿನಿಂದ ಅನುಸರಿಸುವವರು ಯಾರು? ಮತ್ತೆ ಒಕ್ಕೂಟದವರೇ! ಯಾರ ಹೆಸರನ್ನು ಯಾವ ಕ್ರಮದಲ್ಲಿ ಬರೆಯಬೇಕೆಂದು ಅವರು ತಮ್ಮ ಸದಸ್ಯರಿಗೆ ಸಿದ್ಧಪಟ್ಟಿಯನ್ನೇ ಹಂಚಿದರು. ನಿಯಮ ಯಾವುದೇ ಇರಲಿ, ಸಂಘಟಿತರಿಗೆ ಅದು ಏಣಿ, ಅಸಂಘಟಿತರಿಗೆ ಗೋಡೆ.

ಇಲ್ಲಿ ವಿಚಾರವಂತರು ಒಂದು ಆಕ್ಷೇಪವನ್ನು ಎತ್ತಬಹುದು. ಸಂಘಟನೆಯನ್ನು ಇಷ್ಟು ಹೊಗಳುವುದು ತರವೇ? ಸಂಘಟನೆಯಿದ್ದಲ್ಲಿ ಒಬ್ಬಿಬ್ಬರು ಆಳುವವರು, ಉಳಿದವರು ಆಳಿಸಿಕೊಳ್ಳುವವರು ಎಂದಾಗುವುದಿಲ್ಲವೇ? ಆಕ್ಷೇಪ ಹೊಸದಲ್ಲ. ರಾಬರ್ಟ್ ಮಿಶೆಲ್ಸ್ ಎಂಬ ಸಮಾಜಶಾಸ್ತ್ರಜ್ಞನು 1911ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನೇ ಹೇಳಿದ. ಸಮಾನತೆಯನ್ನು ಸಾರುತ್ತಿದ್ದ ಜರ್ಮನಿಯ ಸಮಾಜವಾದಿ ಪಕ್ಷವನ್ನೇ ಹತ್ತಿರದಿಂದ ನೋಡಿ, ಪಕ್ಷ ಬೆಳೆದಂತೆಲ್ಲ ಅಧಿಕಾರ ಕೆಲವೇ ಮಂದಿಯ ಕೈಗೆ ಸೇರುವುದು ಕಬ್ಬಿಣದಂಥ ನಿಯಮವೆಂದು ಅವನು ತೀರ್ಮಾನಿಸಿದ. ಆಟದ ಪಕ್ಷಗಳಲ್ಲಿಯೂ ಇದು ಕಾಣುತ್ತದೆ. ಪಟ್ಟಿಯನ್ನು ಬರೆದವನೇ ಪಕ್ಷದ ಯಜಮಾನನಾಗುತ್ತಾನೆ. ಅವನು ಬೇಸತ್ತು ಆಟ ಬಿಟ್ಟ ದಿನ ಪಕ್ಷವೂ ಮಲಗುತ್ತದೆ. ಮಿಶೆಲ್ಸನ ಮಾತು ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ಸಂಘಟನೆಯನ್ನು ತೊರೆಯುವುದಲ್ಲ. ಹದಿನೈದನೆಯ ತಾರೀಖು ಪಕ್ಷದೊಳಗಿನ ಮತಕ್ಕೂ ತಪ್ಪದೆ ಹೋಗುವುದೇ ಮದ್ದು. ಸಭೆಗೆ ಬಾರದೆ ಮನೆಯಲ್ಲಿ ಕುಳಿತು, ‘ಎಲ್ಲವನ್ನೂ ನಾಲ್ಕು ಜನ ನುಂಗಿದರು’ ಎನ್ನುವವನು ಆ ನಾಲ್ವರಿಗೆ ಬಡಿಸಿದವನೂ ಹೌದು.

ಮತ ಹಾಕದವರು ಹಾಕುವಂತಾಗುವುದು ಹೇಗೆ? ನಿಜಲೋಕದಲ್ಲಿ ಇದನ್ನು ಪರೀಕ್ಷಿಸಿ ನೋಡಿದವರುಂಟು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಎಂಬ ಅಧ್ಯಾಪಕರು 1998ರಲ್ಲಿ ನ್ಯೂ ಹೇವನ್ ನಗರದ ಸುಮಾರು 30,000 ಮತದಾರರನ್ನು ಚೀಟಿಯೆತ್ತಿದಂತೆ ಗುಂಪುಗಳಾಗಿ ವಿಂಗಡಿಸಿದರು. ಕೆಲವರಿಗೆ ಅಂಚೆಯಲ್ಲಿ ಕಾಗದ ಹೋಯಿತು. ಕೆಲವರಿಗೆ ದೂರವಾಣಿಯ ಕರೆ ಹೋಯಿತು. ಕೆಲವರ ಮನೆಯ ಬಾಗಿಲಿಗೆ ಮನುಷ್ಯರೇ ಹೋದರು. ಕೆಲವರನ್ನು ಯಾರೂ ಕೇಳಲಿಲ್ಲ. ಕಾಗದದಿಂದ ಆದ ಲಾಭ ಅಲ್ಪ. ಬಾಡಿಗೆಯವರಿಂದ ಮಾಡಿಸಿದ ದೂರವಾಣಿಯ ಕರೆಗಳಿಂದ ಲಾಭ ಕಾಣಲಿಲ್ಲ. ಮನೆ ಬಾಗಿಲಿಗೆ ಬಂದು ಮುಖ ನೋಡಿ, ‘ನಾಡಿದ್ದು ಚುನಾವಣೆ, ಬರುತ್ತೀರಷ್ಟೆ?’ ಎಂದು ಕೇಳಿದಾಗ ಮಾತ್ರ ಮತದಾನ ಗಣನೀಯವಾಗಿ ಏರಿತು. 2010ರಲ್ಲಿ ಫೇಸ್‌ಬುಕ್ಕಿನ ಆರು ಕೋಟಿಗೂ ಹೆಚ್ಚು ಅಮೆರಿಕನ್ನರನ್ನು ಒಳಗೊಂಡ ಪ್ರಯೋಗದಲ್ಲಿಯೂ ಇದೇ ಪಾಠ. ‘ಇಂದು ಚುನಾವಣೆ’ ಎಂಬ ಬರಿಯ ಸೂಚನೆಗಿಂತ, ಮತ ಹಾಕಿದ ಗೆಳೆಯರ ಮುಖಗಳನ್ನು ತೋರಿಸಿದ ಸೂಚನೆಯೇ ಹೆಚ್ಚು ಕೆಲಸ ಮಾಡಿತು. ಮನುಷ್ಯನು ವಾದಕ್ಕೆ ಮಣಿಯುವುದು ಕಡಿಮೆ. ದಾಕ್ಷಿಣ್ಯಕ್ಕೆ ಮಣಿಯುವುದು ಹೆಚ್ಚು. ಮದುವೆಗೆ ಅಂಚೆಯಲ್ಲಿ ಕರೆಯೋಲೆ ಬಂದರೆ ಹೋಗದಿದ್ದರೂ ನಡೆದೀತು. ಕುಂಕುಮದ ಭರಣಿ ಹಿಡಿದು ಮನೆಗೇ ಬಂದು ಕರೆದರೆ ಹೋಗದಿರಲು ಸಾಧ್ಯವೇ?

ಆಟದ ಚುನಾವಣೆಗೂ ನಮ್ಮ ಚುನಾವಣೆಗೂ ಸಮಾನವಾದ ಪಿಡುಗು ಮತ್ತೊಂದುಂಟು: ಒಬ್ಬನೇ ಹಲವರಾಗಿ ಬರುವುದು. ಪರದೆಯ ಮೇಲೆ ಒಬ್ಬ ಮನುಷ್ಯ ಹತ್ತು ಹೆಸರುಗಳಲ್ಲಿ ಹುಟ್ಟಿ ಹತ್ತು ಮತ ಹಾಕುವುದು ಕಷ್ಟವಲ್ಲ. ಇ-ರಿಪಬ್ಲಿಕ್ಕಿನ ಅಧಿಕಾರಿಗಳಿಗೆ ಇಂಥ ರಾವಣರನ್ನು ಹಿಡಿಯುವುದೇ ನಿತ್ಯದ ತಲೆನೋವಾಯಿತು. ನಮ್ಮ ದೇಶದಲ್ಲಿ ಈ ರೋಗಕ್ಕೆ ಔಷಧ ಸಿದ್ಧವಾಗುವುದು ಮೈಸೂರಿನಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗಿನ ಕಾರ್ಖಾನೆಯಾಗಿ ಆರಂಭವಾದ ಸಂಸ್ಥೆಯೇ ಇಂದಿನ ಮೈಸೂರು ಬಣ್ಣ ಮತ್ತು ಅರಗು ಕಾರ್ಖಾನೆ. 1962ರ ಮಹಾಚುನಾವಣೆಯಿಂದ ಅಳಿಸಲಾಗದ ಶಾಯಿಯನ್ನು ಒದಗಿಸುತ್ತಿರುವುದು ಅದೇ. ಬೆರಳಿಗೆ ಬಿದ್ದ ಆ ಕಪ್ಪು ಗೆರೆ ಎರಡನೆಯ ಸಲ ಬರುವವನನ್ನು ತಡೆಯುತ್ತದೆ. ಮೊದಲನೆಯ ಸಲವೂ ಬಾರದವನನ್ನು ಕರೆತರುವ ಶಾಯಿಯನ್ನು ಮಾತ್ರ ಇನ್ನೂ ಯಾವ ಕಾರ್ಖಾನೆಯೂ ತಯಾರಿಸಿಲ್ಲ.

ಬಾರದವರೇನು ಕಡಿಮೆಯೇ? 2023ರ ವಿಧಾನಸಭಾ ಚುನಾವಣೆಯಲ್ಲಿ ಇಡೀ ಕರ್ನಾಟಕದಲ್ಲಿ ನೂರಕ್ಕೆ 73 ಮಂದಿ ಮತ ಹಾಕಿದರು. ಬೆಂಗಳೂರು ನಗರದಲ್ಲಿ ಹಾಕಿದವರು ನೂರಕ್ಕೆ 54ರ ಆಸುಪಾಸು. ಓದು ಬರಹ, ವಾಹನ ಸೌಕರ್ಯ, ವೇತನಸಹಿತ ರಜೆ ಎಲ್ಲವೂ ಇದ್ದಲ್ಲಿ ಮತ ಕಡಿಮೆ! ಪಟ್ಟಿಯಲ್ಲಿ ಊರು ಬಿಟ್ಟವರ ಹೆಸರುಗಳು ಉಳಿದಿರುತ್ತವೆಂಬುದು ನಿಜ. ಮನೆ ಬದಲಿಸಿದವರ ಹೆಸರು ಹಳೆಯ ಬಡಾವಣೆಯಲ್ಲಿಯೇ ಇರುತ್ತದೆಂಬುದೂ ನಿಜ. ಅದನ್ನೆಲ್ಲ ಕಳೆದರೂ ಉಳಿಯುವ ಎರಡು ಕ್ಲಿಕ್ಕಿನವರ ಸಂಖ್ಯೆ ಸಣ್ಣದಲ್ಲ. ಹಳ್ಳಿಯಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂಬುದು ಸಂಜೆಯೊಳಗೆ ಎಲ್ಲರಿಗೂ ತಿಳಿಯುತ್ತದೆ. ನಗರದಲ್ಲಿ ಮೂರನೆಯ ಮಹಡಿಯವರು ಬಂದರೇ ಎಂದು ಎರಡನೆಯ ಮಹಡಿಯವರು ಕೇಳುವುದಿಲ್ಲ. ಕೇಳುವುದು ಸಭ್ಯತೆಯಲ್ಲವೆಂದು ನಮ್ಮ ಭಾವನೆ.

ನಮ್ಮ ಕಾಲೇಜಿನಲ್ಲಿ ಎರಡನೆಯ ಬಿ.ಎ. ತರಗತಿಯ ಹುಡುಗನೊಬ್ಬನಿದ್ದಾನೆ. ಹಳಗನ್ನಡದ ಪಾಠಕ್ಕೆ ತೂಕಡಿಸುವುದರಲ್ಲಿ ನಿಷ್ಣಾತ. ಕಾರಣ ವಿಚಾರಿಸಿದಾಗ, ಇಂಥದೇ ಒಂದು ಆಟದಲ್ಲಿ ಅವನು ಪಕ್ಷವೊಂದರ ಕಾರ್ಯದರ್ಶಿಯೆಂದು ತಿಳಿಯಿತು. “ನಿನ್ನೆ ರಾತ್ರಿ ಚುನಾವಣೆ ಇತ್ತು, ಸಾರ್. ಬ್ರೆಜಿಲಿನಲ್ಲಿರುವ ನಮ್ಮ ಮೆಂಬರುಗಳು ಆಟಕ್ಕೆ ಬರುವವರೆಗೂ ಕಾದಿದ್ದು ಒಬ್ಬೊಬ್ಬರಿಗೂ ಹೇಳಬೇಕಾಯಿತು” ಎಂದ. ಕಂಡರಿಯದ ದೇಶದ ಮತದಾರನನ್ನು ಕರೆತರುವುದಕ್ಕಾಗಿ ರಾತ್ರಿಯೆಲ್ಲ ಎಚ್ಚರವಾಗಿದ್ದ ಈ ಕರ್ತವ್ಯನಿಷ್ಠನಲ್ಲಿ ನನಗೆ ಗೌರವವೇ ಉಂಟಾಯಿತು.

“ಒಳ್ಳೆಯದಪ್ಪ. ನಿನ್ನ ಹೆಸರು ಇಲ್ಲಿಯ ಮತದಾರರ ಪಟ್ಟಿಯಲ್ಲಿ ಇದೆಯೇ?” ಎಂದು ಕೇಳಿದೆ.

“ಇಲ್ಲ, ಸಾರ್. ಅಪ್ಪ ಮಾಡಿಸುತ್ತೇನೆ ಅಂದಿದ್ದರು... ಮರೆತುಹೋಯಿತು.”

ಅವನಿಗೆ ಹತ್ತೊಂಬತ್ತು ತುಂಬಿದೆ. ಹೆಸರು ಸೇರಿಸುವುದು ಕಷ್ಟದ ಕೆಲಸವೇನಲ್ಲ. ಹಿಂದೆ ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕೆಂಬ ಒಂದೇ ಗಡುವಿತ್ತು. ಅದು ತಪ್ಪಿದರೆ ವರ್ಷವಿಡೀ ಕಾಯಬೇಕಾಗಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ತಾರೀಖು ಎಂದು ವರ್ಷಕ್ಕೆ ನಾಲ್ಕು ಅವಕಾಶಗಳಾಗಿವೆ. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಬೇಕಾದದ್ದು ನಮೂನೆ 6 ಎಂಬ ಒಂದು ಅರ್ಜಿ. ಅದನ್ನು ಮೊಬೈಲಿನಲ್ಲಿಯೇ ತುಂಬಬಹುದು. ಆಟದಲ್ಲಿ ಪ್ರಜೆಯಾಗಿ ಹುಟ್ಟುವುದಕ್ಕೆ ಎಷ್ಟು ಹೊತ್ತು ಬೇಕೋ ಇದಕ್ಕೂ ಸರಿಸುಮಾರು ಅಷ್ಟೇ ಹೊತ್ತು. ಇಷ್ಟನ್ನೂ ಹುಡುಗನಿಗೆ ಹೇಳಿ, “ನಿನ್ನ ಪಕ್ಷದಲ್ಲಿ ಪಟ್ಟಿಯಲ್ಲಿಲ್ಲದ ಸದಸ್ಯನನ್ನು ಏನೆಂದು ಕರೆಯುತ್ತೀಯೆ?” ಎಂದೆ. ಅವನು ತಲೆ ತಗ್ಗಿಸಿ, “ಲೆಕ್ಕಕ್ಕೇ ಹಿಡಿಯುವುದಿಲ್ಲ, ಸಾರ್” ಎಂದ.

ಆ ಉತ್ತರದಲ್ಲಿಯೇ ಎಲ್ಲವೂ ಇತ್ತು. ಪಕ್ಷಗಳು ಯಾರ ಮನೆಯ ಬಾಗಿಲು ತಟ್ಟುತ್ತವೆ? ಮತ ಹಾಕುವವರ ಮನೆಯದನ್ನು. ಯಾವ ಬೀದಿಯ ಚರಂಡಿ ಮೊದಲು ದುರಸ್ತಿಯಾಗುತ್ತದೆ? ಯಾವ ಬೀದಿಯವರು ಲೆಕ್ಕಕ್ಕೆ ಸಿಗುತ್ತಾರೋ ಅದು. ಚುನಾವಣೆಯ ದಿನ ರಜೆ ಸಿಕ್ಕಿತೆಂದು ಊಟಿಗೆ ಹೊರಡುವ ಕುಟುಂಬ ಯಾರ ಪಟ್ಟಿಯಲ್ಲಿಯೂ ಇರುವುದಿಲ್ಲ. ಊಟಿಯಿಂದ ಮರಳಿದ ಮೇಲೆ ರಸ್ತೆಯ ಗುಂಡಿಯನ್ನು ಕುರಿತು ಅವರು ಆಡುವ ಮಾತು ಎಷ್ಟೇ ನ್ಯಾಯವಾಗಿದ್ದರೂ ಕೇಳುವ ಕಿವಿ ಕಡಿಮೆ.

ಹುಡುಗನು ಸುಮ್ಮನೆ ಹೋಗಲಿಲ್ಲ. ಮರುವಾರದಿಂದ ತರಗತಿಯ ಹಾಜರಿಪಟ್ಟಿಯ ಪ್ರತಿಯೊಂದನ್ನು ಕೈಯಲ್ಲಿ ಹಿಡಿದು ಜೊತೆಯವರನ್ನು ಒಬ್ಬೊಬ್ಬರನ್ನಾಗಿ ತಡೆದು ಕೇಳತೊಡಗಿದ್ದಾನೆ: “ಹದಿನೆಂಟು ಆಯಿತೇನೋ? ಹೆಸರು ಸೇರಿಸಿದೆಯೇನೋ? ಯಾವ ತಾರೀಖಿಗೆ?” ಉತ್ತರ ಬಂದಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕುತ್ತಾನೆ. ಆಟದಿಂದ ಕಲಿತ ವಿದ್ಯೆ ಪಾಠದಿಂದ ಕಲಿತದ್ದಕ್ಕಿಂತ ಗಟ್ಟಿಯಾಗಿ ನಿಂತಿದೆಯೆಂದು ಅಧ್ಯಾಪಕನಾದ ನಾನು ಅಸೂಯೆಪಡಬಹುದಾಗಿತ್ತು. ಪಡಲಿಲ್ಲ. ತಂದೆತಾಯಿಗಳಲ್ಲಿ ನನ್ನದು ಒಂದೇ ಕೋರಿಕೆ. ಇಂದು ರಾತ್ರಿ ಊಟಕ್ಕೆ ಕುಳಿತಾಗ, ಮಗನ ಅಂಕಗಳನ್ನೂ ಮಗಳ ಪರೀಕ್ಷೆಯನ್ನೂ ವಿಚಾರಿಸಿದ ಮೇಲೆ, ಈ ಪ್ರಶ್ನೆಯನ್ನೂ ಒಮ್ಮೆ ಕೇಳಿಬಿಡಿ. ಅವರು ಮುಖ ನೋಡಿ ನಕ್ಕರೆ, ಅರ್ಜಿಯನ್ನು ಅಲ್ಲಿಯೇ ತುಂಬಿಸಿ ಏಳಿ.